ಎಂಬತ್ತು ಮೀಟರ್ ಮೇಲಿನ ಬಿಸಿ

ಪ್ರಶ್ನೆ: ನಮ್ಮೂರು ಗೋಕಾಕ್ ಹತ್ತಿರ. 18 ವರ್ಷದಿಂದ ಪುಣೆಯ ಭೋಸರಿಯಲ್ಲಿ ಮಷೀನ್ ಶಾಪ್ ಇಟ್ಟಿದ್ದೇನೆ. ಜುಲೈಯಲ್ಲಿ ಮನೆಯವರ ಜೊತೆ ಸಾತಾರಾ ಕಡೆ ಠೋಸೇಘರ್ ಜಲಪಾತ ನೋಡಿ, ಚಾಳಕೇವಾಡಿಯ ವಿಂಡ್‌ಮಿಲ್‌ಗಳ ತನಕ ಹೋಗಿದ್ದೆವು. ಕಂಬದ ತುದಿಯಲ್ಲಿ ಯಂತ್ರ ಇರುವ ಪೆಟ್ಟಿಗೆಯಲ್ಲಿ ನಮ್ಮ ಕಂಪ್ರೆಸರ್ ರೂಮಿನಂಥದ್ದೇ ಸೆಕೆ ಎಂದು ಅಲ್ಲಿ ಕೆಲಸ ಮಾಡುವ ಹುಡುಗ ಹೇಳಿದ. ಆ ಬಿಸಿಯನ್ನು ಸುಮ್ನೆ ಗಾಳಿಗೆ ಬಿಡುವುದು ನಷ್ಟ ಅಲ್ವಾ ಸರ್? ಅದರಿಂದ ಇನ್ನಷ್ಟು ಕರೆಂಟ್ ಮಾಡಬಹುದೇ? ಊರಿಗೆ ಬಿಸಿನೀರಾದರೂ ಕೊಡಬಹುದೇ?
— ಭೋಸರಿಯ ಓದುಗರು

ಉತ್ತರ: ನಷ್ಟ ಹೌದು. ಆ ಬೆಟ್ಟದ ಸಾಲಿನಲ್ಲೇ 14 ವರ್ಷ ಮೇಂಟೆನೆನ್ಸ್ ಮಾಡಿದವನು ನಾನು. ಕಾದ ಗೇರ್ ಆಯಿಲ್ ವಾಸನೆ ಇನ್ನೂ ಮೂಗಿನಲ್ಲಿದೆ. 2 ಮೆಗಾವ್ಯಾಟಿನ ಯಂತ್ರ ಪೂರ್ತಿ ಗಾಳಿಗೆ ಓಡುವಾಗ ಗೇರ್‌ಬಾಕ್ಸ್, ಜನರೇಟರ್, ಕನ್ವರ್ಟರ್ ಸೇರಿ ಸುಮಾರು 100 ಕಿಲೋವ್ಯಾಟ್ ಬಿಸಿ ಹೊರಹಾಕುತ್ತವೆ. ಅಷ್ಟು ಬಿಸಿ ಕೈಗೆ ಸಿಕ್ಕರೆ 1000 ಲೀಟರ್ ನೀರು ಅರ್ಧ ಗಂಟೆಯೊಳಗೆ 25 ಡಿಗ್ರಿಯಿಂದ 60ಕ್ಕೆ ಏರುತ್ತದೆ.

ಕರೆಂಟಿನ ಆಸೆ ಬಿಡಿ. ಗೇರ್ ಎಣ್ಣೆ ಸುಮಾರು 65 ಡಿಗ್ರಿ, ಹೊರಗೆ 30. ಇಷ್ಟೇ ಅಂತರವಿದ್ದರೆ ಪುಸ್ತಕದ ಲೆಕ್ಕದಲ್ಲೇ ನೂರಕ್ಕೆ ಹತ್ತು ಪಾಲು ಮಾತ್ರ ಕರೆಂಟ್ ಆಗಬಲ್ಲದು. ನಿಜದಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. 2000 ಕಿಲೋವ್ಯಾಟಿಗೆ ಐದು ಸೇರಿಸಲು ಯಾರು ಇನ್ನೊಂದು ಯಂತ್ರ ಮೇಲೇರಿಸುತ್ತಾರೆ?

ಬಿಸಿನೀರಿನ ಯೋಚನೆ ನನ್ನನ್ನೂ ಬಹಳ ದಿನ ಬಿಟ್ಟಿರಲಿಲ್ಲ. ಆದರೆ ಬಿಸಿ ಇರುವುದು 80 ಮೀಟರ್ ಮೇಲೆ. ಅಲ್ಲಿನ ಪೆಟ್ಟಿಗೆ ಗಾಳಿ ಬಂದ ಕಡೆಗೆಲ್ಲ ತಿರುಗುತ್ತಿರುತ್ತದೆ. ಒಂದೇ ಕಡೆ ಜಾಸ್ತಿ ಸುತ್ತಿದರೆ ಕೇಬಲ್ ತಿರುಚಿಕೊಳ್ಳುತ್ತದೆ, ಆಗ ಯಂತ್ರ ನಿಂತು ಹಿಂದಕ್ಕೆ ಸುತ್ತಿ ಬಿಡಿಸಿಕೊಳ್ಳುತ್ತದೆ. ಬಿಸಿನೀರಿನ ಪೈಪು ಆ ತಿರುಚಾಟ ತಾಳಬೇಕಲ್ಲ! ಸಾತಾರಾದಲ್ಲಿ ಜೋರು ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಡಿಸೆಂಬರ್ ಚಳಿಯಲ್ಲಿ ಊರಿನವರು ಬಿಸಿನೀರು ಕೇಳುವಾಗ ರೆಕ್ಕೆಗಳು ನಿಧಾನವಾಗಿರುತ್ತವೆ. ಹಿಮ ಬೀಳುವ ದೇಶಗಳ ಕಥೆ ಬೇರೆ. ಅಲ್ಲಿ ಕೆಲವು ಯಂತ್ರಗಳಲ್ಲಿ ರೆಕ್ಕೆಗೆ ಕಟ್ಟಿದ ಹಿಮ ಕರಗಿಸಲು ಒಳಗಿನಿಂದ ಬಿಸಿಗಾಳಿ ಊದುತ್ತಾರೆ. ಬಿಸಿಗೆ ಅಲ್ಲೇ, ಮೇಲೆಯೇ ಕೆಲಸವಿದೆ.

ನಿಮ್ಮ ಪತ್ರದಲ್ಲಿ ನನಗೆ ಆಸೆ ಹುಟ್ಟಿಸಿದ್ದು ಆ ಕಂಪ್ರೆಸರ್ ರೂಮು. ಗಾಳಿ ಒತ್ತುವ ಕಂಪ್ರೆಸರ್ ತಿನ್ನುವ ಕರೆಂಟ್ ಹೆಚ್ಚುಕಡಿಮೆ ಎಲ್ಲವೂ ಬಿಸಿಯೇ ಆಗುತ್ತದೆ. ನಿಮ್ಮದು 30 ಎಚ್‌ಪಿ ಸ್ಕ್ರೂ ಕಂಪ್ರೆಸರ್ ಎಂದಿಟ್ಟುಕೊಳ್ಳಿ, ಅಂದರೆ 22 ಕಿಲೋವ್ಯಾಟ್. ಲೋಡಿನಲ್ಲಿ ಓಡುವಾಗ ಅದರ ಎಣ್ಣೆಯಿಂದ 15 ಕಿಲೋವ್ಯಾಟ್ ತೆಗೆಯಬಹುದು. ಅದೂ ನೆಲದ ಮೇಲೆ, ನಿಮ್ಮ ಕೈಯಳತೆಯಲ್ಲಿ. ಪಾರ್ಟ್ ತೊಳೆಯುವ ಟ್ಯಾಂಕಿಗೆ ಕರೆಂಟ್ ಹೀಟರ್ ಹಾಕಿದ್ದರೆ, ಆಯಿಲ್ ಕೂಲರಿಗೆ ಮುಂಚೆ ಎಣ್ಣೆಯ ಬಿಸಿಯನ್ನು ನೀರಿಗೆ ದಾಟಿಸುವ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಕೂರಿಸಿ, ಆ ನೀರನ್ನು ಟ್ಯಾಂಕಿಗೆ ಸುತ್ತಿಸಿ. ಒಂದೇ ಎಚ್ಚರಿಕೆ: ಎಣ್ಣೆಯ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ವಾಲ್ವ್ ತೆಗೆಸಬೇಡಿ. ಎಣ್ಣೆ ಅತಿಯಾಗಿ ತಣ್ಣಗಾದರೆ ಗಾಳಿಯ ತೇವ ಅದರಲ್ಲೇ ನೀರಾಗಿ ಕೂತು ಬೇರಿಂಗ್ ಕೆಡಿಸುತ್ತದೆ. ಕಂಪ್ರೆಸರ್ ಸರ್ವಿಸ್ ಮಾಡುವವರನ್ನು ಕರೆಸಿ, ಈಗ ಎಣ್ಣೆ ಎಷ್ಟು ಡಿಗ್ರಿಯಲ್ಲಿ ಓಡುತ್ತಿದೆ ಎಂದು ಮೊದಲು ನೋಡಿಸಿ. ಆ ಅಂಕಿ ನನಗೆ ಬರೆದು ಕಳಿಸಿ, ಎಕ್ಸ್‌ಚೇಂಜರ್ ಯಾವ ಸೈಜಿನದು ಬೇಕೆಂದು ಲೆಕ್ಕ ಹಾಕಿಕೊಡುತ್ತೇನೆ.