ಶಾಲೆಗೆ ಹೋಗದೆ ಮನೆಯಲ್ಲೇ ಇರುವ ಸಿ.ಪಿ. ಮಗುವಿಗೆ ಸರ್ಕಾರದ ಆರೋಗ್ಯ ವಿಮೆ ಸಿಗುತ್ತಾ?

ಅಕ್ಕಾರ, ನಿಮ್ಮ ಮಗನಿಗೆ ಆರು ವರ್ಷ, ಸೆರೆಬ್ರಲ್ ಪಾಲ್ಸಿ (ಸಿ.ಪಿ., ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ಜೊತೆಗೆ ಫಿಟ್ಸ್, ಇಂಡಿ ಹತ್ತಿರದ ಹಳ್ಳಿಯಲ್ಲಿ ಮನೆಯಲ್ಲೇ ಇರುತ್ತಾನೆ, ಇಂಥವನಿಗೆ ಸರ್ಕಾರದ ವಿಮೆ ಇದೆಯಾ ಅಂತ ಕೇಳಿದ್ದೀರಿ. ಇದೆ. ಶಾಲೆಗೆ ಹೋಗುವುದಿಲ್ಲ ಅನ್ನೋದು ಇದಕ್ಕೆ ಅಡ್ಡಿ ಅಲ್ಲವೇ ಅಲ್ಲ. ನನ್ನ ಮಗಳಿಗೂ ಸಿ.ಪಿ., ಈಗ ಒಂಬತ್ತು ವರ್ಷ, ನಾವು ಬಾಗಲಕೋಟೆ ನವನಗರದವರು. ನನಗೆ ಇದು ಗೊತ್ತಾಗಿದ್ದೇ ತಡವಾಗಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಯಾರನ್ನು ಕೇಳಿದರೂ "ಆಯುಷ್ಮಾನ್ ಕಾರ್ಡ್ ಮಾಡಿಸಿ, ಸಾಕು" ಅಂತಾರೆ. ಮಾಡಿಸಿ, ಬೇಕೇ ಬೇಕು. ಬಿಪಿಎಲ್ ಇದ್ದರೆ ಇಡೀ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಇದ್ದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ, ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ಗ್ರಾಮ ಒನ್‌ನಲ್ಲಿ ಮಾಡಿಕೊಡುತ್ತಾರೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು, ತುರ್ತು ಇದ್ದರೆ ಬೇಡ. ಆದರೆ ಇದು ಅಡ್ಮಿಟ್ ಆದರೆ ಮಾತ್ರ. ನಮ್ಮಂಥ ಮಕ್ಕಳ ಮನೆಯಲ್ಲಿ ದುಡ್ಡು ಹೋಗುವುದು ಅಡ್ಮಿಷನ್‌ಗೆ ಅಲ್ಲ, ತಿಂಗಳಾ ತಿಂಗಳಾ ಫಿಟ್ಸ್ ಸಿರಪ್‌ಗೆ, ಫಿಸಿಯೋಗೆ, ರಕ್ತ ಪರೀಕ್ಷೆಗೆ, ಹೋಗಿ ಬರುವ ಗಾಡಿಗೆ, ಅಲ್ವಾ?

ಅದಕ್ಕೆ ಇರುವುದು ನಿರಾಮಯ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ವಿಮೆ, ವರ್ಷಕ್ಕೆ 1 ಲಕ್ಷದವರೆಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹು ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಹೊರರೋಗಿ ಚಿಕಿತ್ಸೆ, ಔಷಧಿ, ಥೆರಪಿ, ಓಡಾಟದ ಖರ್ಚು ಎಲ್ಲಕ್ಕೂ ಇದರಲ್ಲಿ ಜಾಗ ಇದೆ, ಒಂದೊಂದಕ್ಕೂ ಒಂದು ಮಿತಿ ಇರುತ್ತದೆ. ವಯಸ್ಸಿನ ಮಿತಿ ಇಲ್ಲ, ಮೊದಲೇ ಇರುವ ಕಾಯಿಲೆ ಅಂತ ಬೇಡ ಅನ್ನುವುದಿಲ್ಲ, ವಿಮೆಗೆ ಮೊದಲು ತಪಾಸಣೆಯೂ ಇಲ್ಲ. ಶುಲ್ಕ ಬಿಪಿಎಲ್‌ಗೆ 250 ರೂಪಾಯಿ, ಎಪಿಎಲ್‌ಗೆ 500. ಆಮೇಲೆ ಪ್ರತಿ ವರ್ಷ ನವೀಕರಣಕ್ಕೆ 50 ಮತ್ತು 250. ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿತ ಸಂಸ್ಥೆಗಳ ಮೂಲಕ ಅರ್ಜಿ ಹಾಕುವುದು ಸುಲಭ.

ನಿರಾಮಯಕ್ಕೆ ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಸರ್ಕಾರಿ ಗುರುತಿನ ಚೀಟಿ, ಬೇಕು. ಅದಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ನಿಮ್ಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಅಂತಾರೆ, ಅವರ ಕೈಲಿ ಆನ್‌ಲೈನ್ ಅರ್ಜಿ ಹಾಕಿಸಿ. ತಪಾಸಣೆಗೆ ಕರೆದಾಗ ಮಗನನ್ನು ಕರೆದುಕೊಂಡೇ ಹೋಗಬೇಕು. ಹುಟ್ಟಿದಾಗಿನ ಡಿಸ್ಚಾರ್ಜ್ ಕಾರ್ಡ್, ಎಂಆರ್‌ಐ, ಇಇಜಿ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಕಾರ್ಡ್ ಬಂದ ಮೇಲೆ ಅದರ ಅವಧಿ ನೋಡಿ, ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ.

ಇನ್ನೊಂದು, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಐದು ವರ್ಷ ತುಂಬಿದ ಮೇಲೆ ಮಗುವಿನ ಆಧಾರ್‌ಗೆ ಬೆರಳಚ್ಚು ಕೊಡಬೇಕು. ನನ್ನ ಮಗಳ ಎಡಗೈ ಯಾವಾಗಲೂ ಮುಷ್ಟಿ ಹಿಡಿದೇ ಇರುತ್ತದೆ, ಹೆಬ್ಬೆರಳು ಒಳಗೆ. ಮಷೀನ್ ಮೇಲೆ ಒತ್ತಿ ಹಿಡಿಯಲು ನೋಡಿದಷ್ಟೂ ಕೈ ಬಿಗಿ ಆಯಿತು, ಅಳು ಶುರು. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಆಮೇಲೆ ನಾನೇ ಹೊರಗೆ ಕೂತು, ಮಣಿಕಟ್ಟನ್ನು ಮೆಲ್ಲಗೆ ಕೆಳಗೆ ಬಗ್ಗಿಸಿ ಹಿಡಿದೆ, ಫಿಸಿಯೋದವರು ಹೇಳಿಕೊಟ್ಟ ಹಾಗೆ, ಒಂದೊಂದೇ ಬೆರಳು ಬಿಚ್ಚಿತು. ನಿಮ್ಮ ಮಗನಿಗೆ ಆಗದಿದ್ದರೆ ಬೆರಳಚ್ಚು ವಿನಾಯಿತಿ ಇದೆ, ಗಟ್ಟಿಯಾಗಿ ಕೇಳಿ. ಅವನ ಆಧಾರ್‌ಗೆ ನಿಮ್ಮ ಮೊಬೈಲ್ ನಂಬರ್ ಜೋಡಿಸಿಬಿಡಿ, ಮುಂದೆ ಒಟಿಪಿಯಲ್ಲೇ ಎಷ್ಟೋ ಕೆಲಸ ಆಗುತ್ತದೆ.

ನಿರಾಮಯದಲ್ಲಿ ದುಡ್ಡು ಮೊದಲು ನಾವು ಕೊಟ್ಟು ಆಮೇಲೆ ವಾಪಸ್ ಪಡೆಯಬೇಕು, ಬಡವರಿಗೆ ಇದು ಕಷ್ಟವೇ, ಸುಳ್ಳು ಹೇಳುವುದಿಲ್ಲ. ಹಾಗಾಗಿ ಒಂದು ಬಿಲ್ಲೂ ಕಳೆಯಬಾರದು. ನನ್ನ ಮೊದಲ ಕ್ಲೇಮ್ ತಿರುಗಿ ಬಂತು. ಔಷಧಿ ಅಂಗಡಿಯವರು ಬಿಲ್ಲಿನಲ್ಲಿ ಮಗಳ ಹೆಸರು ಬರೆಯದೆ ಬರೀ 'ಕ್ಯಾಶ್' ಅಂತ ಹಾಕಿದ್ದರು. ನಾಲ್ಕು ತಿಂಗಳ ಸಿರಪ್ ದುಡ್ಡು ಹೋಯಿತು. ಅವತ್ತಿನಿಂದ ಅಂಗಡಿ ಬಿಡುವ ಮುಂಚೆ ಹೆಸರು, ತಾರೀಖು, ಸೀಲು ನೋಡುತ್ತೇನೆ, ಡಾಕ್ಟರ್ ಚೀಟಿಯನ್ನು ಅದೇ ಬಿಲ್ಲಿಗೆ ಪಿನ್ ಮಾಡುತ್ತೇನೆ. ಫಿಸಿಯೋದವರಿಂದ ಯಾವ ಯಾವ ದಿನ ಹೋದಿರಿ ಅಂತ ತಾರೀಖು ಸಮೇತ ಬರೆಸಿಕೊಳ್ಳಿ. ವಿಮೆಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಫೆಬ್ರವರಿಯಲ್ಲೇ ನವೀಕರಣದ ಬಗ್ಗೆ ವಿಚಾರಿಸಿ.

ಇದೆಲ್ಲ ಆಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋದಾಗ ಡಿಇಐಸಿ ಎಲ್ಲಿ ಅಂತ ಕೇಳಿ, ಮಕ್ಕಳ ಥೆರಪಿಗೆ ಅಂತಲೇ ಇರುವ ವಿಭಾಗ ಅದು, ದುಡ್ಡು ಕೊಡಬೇಕಿಲ್ಲ. ಫಿಟ್ಸ್ ಔಷಧಿಯನ್ನು ಮಾತ್ರ ಕೈಯಲ್ಲಿ ದುಡ್ಡಿಲ್ಲ ಅಂತ ಒಂದು ಹೊತ್ತೂ ತಪ್ಪಿಸಬೇಡಿ. ಹಳೆಯ ಬಾಟಲಿ ತೆಗೆದುಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ, ಅದೇ ಔಷಧಿ ಅಲ್ಲಿ ಇದ್ದರೆ ಬರೆದುಕೊಡುತ್ತಾರೆ.