ಒಂದೇ ಮನೆ, ಎರಡು ತೀರ್ಮಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ಮತಗಳಿವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಐವರೂ ಒಂದು ಪಕ್ಷಕ್ಕೆ ಹಾಕಿದೆವು. ಮರುವರ್ಷ ಲೋಕಸಭೆಗೆ ಐವರೂ ಅದರ ಎದುರು ಪಕ್ಷಕ್ಕೆ ಹಾಕಿದೆವು. ಬೆಂಗಳೂರಿನಲ್ಲಿರುವ ಅಳಿಯಂದಿರು ಇದನ್ನು ಕೇಳಿ, ‘ನಿಮಗೆ ಒಂದು ಗಟ್ಟಿ ಅಭಿಪ್ರಾಯ ಅನ್ನುವುದೇ ಇಲ್ಲವಲ್ಲ ಮಾವ’ ಎಂದು ನಕ್ಕರು. ನಾವು ಮಾಡಿದ್ದು ಅವಿವೇಕವೇ?
– ನಿವೃತ್ತ ಶಿಕ್ಷಕರೊಬ್ಬರು, ತಿಪಟೂರು

ಉತ್ತರ: ಅವಿವೇಕವೆಂದರೆ ಇಡೀ ರಾಜ್ಯವನ್ನೇ ಅವಿವೇಕಿ ಎನ್ನಬೇಕಾಗುತ್ತದೆ. ಇಂದಿರಾ ಗಾಂಧಿಯವರ ಹತ್ಯೆಯ ನಂತರ, 1984ರ ಡಿಸೆಂಬರಿನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿನ ಪಾಲಾದವು. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ಇದನ್ನು ತಮ್ಮ ಸರ್ಕಾರದ ಸೋಲೆಂದೇ ಒಪ್ಪಿಕೊಂಡು ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. ಮೂರು ತಿಂಗಳು ತುಂಬುವುದರೊಳಗೆ, 1985ರ ಮಾರ್ಚಿನಲ್ಲಿ, ಅದೇ ಮತದಾರರು ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನಗಳನ್ನು ಕೊಟ್ಟು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು. 2013ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿಗೆ 122 ಸ್ಥಾನ ಕೊಟ್ಟ ರಾಜ್ಯ 2014ರಲ್ಲಿ ಲೋಕಸಭೆಗೆ ಬಿಜೆಪಿಯ 17 ಮಂದಿಯನ್ನು ಕಳುಹಿಸಿತು.

ಅಷ್ಟರೊಳಗೆ ಜನರ ಮನಸ್ಸು ತಿರುಗಿತು ಎಂದು ಅಳಿಯಂದಿರು ಹೇಳಬಹುದು. ಆದರೆ 2004ರಲ್ಲಿ ಎರಡೂ ಚುನಾವಣೆಗಳು ಒಟ್ಟಿಗೇ ನಡೆದವು. ಒಬ್ಬನೇ ಮತದಾರ ಒಂದೇ ಕೊಠಡಿಯಲ್ಲಿ ಎರಡು ಯಂತ್ರಗಳ ಗುಂಡಿ ಒತ್ತಿ ಹೊರಬಂದ. ಎಣಿಸಿದಾಗ ಬಿಜೆಪಿಗೆ ವಿಧಾನಸಭೆಯಲ್ಲಿ ಸುಮಾರು ಶೇ 28ರಷ್ಟು ಮತ, ಲೋಕಸಭೆಯಲ್ಲಿ ಸುಮಾರು ಶೇ 35ರಷ್ಟು ಮತ ಬಂದಿದ್ದವು. ಎರಡು ಗುಂಡಿಗಳ ನಡುವಿನ ಅರ್ಧ ನಿಮಿಷದಲ್ಲಿ ಯಾರ ಸಿದ್ಧಾಂತವೂ ಬದಲಾಗುವುದಿಲ್ಲವಲ್ಲ.

ಶಾಸಕನಿಂದ ಊರಿಗೆ ಆಗಬೇಕಾದ ಕೆಲಸಗಳೇ ಬೇರೆ. ಅನುಮತಿಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿದ್ದವರಿಗೆ ಸಾಗುವಳಿ ಚೀಟಿ ಕೊಡಿಸುವ ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಗಂಗಾ ಕಲ್ಯಾಣದ ಕೊಳವೆಬಾವಿಗೆ, ಆಶ್ರಯ ಮನೆಗೆ ಫಲಾನುಭವಿಗಳ ಪಟ್ಟಿ ಅವರ ಕಣ್ಣು ತಪ್ಪಿಸಿ ಹೋಗುವುದು ಕಡಿಮೆ. ಮಗನನ್ನು ರಾತ್ರಿ ಠಾಣೆಯಲ್ಲಿ ಕೂರಿಸಿಕೊಂಡಾಗ ಫೋನು ಮಾಡುವುದೂ ಅವರಿಗೇ. ಸಂಸದರ ಮುಖವನ್ನು ಐದು ವರ್ಷಕ್ಕೊಮ್ಮೆ ನೋಡುವ ಊರುಗಳಿವೆ. ಅಲ್ಲಿಯವರು ಲೋಕಸಭೆಗೆ ಮತ ಹಾಕುವಾಗ ದೆಹಲಿಯಲ್ಲಿ ಯಾರು ಕೂರಬೇಕು ಎಂಬುದನ್ನಷ್ಟೇ ಲೆಕ್ಕ ಹಾಕುತ್ತಾರೆ, ಅಭ್ಯರ್ಥಿಯ ಹೆಸರು ಅವರಿಗೆ ನೆಪಮಾತ್ರ. ನಿಮ್ಮ ಮನೆಯವರು ಎರಡು ಬೇರೆ ಕೆಲಸಗಳಿಗೆ ಇಬ್ಬರು ಬೇರೆ ಆಳುಗಳನ್ನು ಗೊತ್ತುಮಾಡಿದ್ದಾರೆ ಎಂದು ಅಳಿಯಂದಿರಿಗೆ ಹೇಳಿ.

ಇನ್ನೊಂದು ಮಾತನ್ನೂ ಸೇರಿಸಬೇಕು. ಸ್ಥಾನಗಳು ಏರುಪೇರಾದಷ್ಟು ಮತಗಳು ಏರುಪೇರಾಗುವುದಿಲ್ಲ. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸ್ಥಾನ. 2023ರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಮತ, ಆದರೆ 66 ಸ್ಥಾನ. ನಡುವೆ ಆದದ್ದೆಂದರೆ ಜೆಡಿಎಸ್‌ನ ಮತಪ್ರಮಾಣ ಶೇ 18ರಿಂದ 13ಕ್ಕೆ ಇಳಿದು, ಕಾಂಗ್ರೆಸ್ಸಿನದು ಶೇ 38ರಿಂದ 43ರ ಸನಿಹಕ್ಕೆ ಏರಿತು. 2024ರಲ್ಲಿ ಕಾಂಗ್ರೆಸ್ಸಿನ ಮತ ಶೇ 45 ದಾಟಿದರೂ ಅದಕ್ಕೆ ದಕ್ಕಿದ್ದು 28ರಲ್ಲಿ 9 ಸ್ಥಾನ ಮಾತ್ರ, ಏಕೆಂದರೆ ಎದುರಿನಲ್ಲಿ ಬಿಜೆಪಿಯೂ ಜೆಡಿಎಸ್ಸೂ ಒಂದಾಗಿದ್ದವು. ಫಲಿತಾಂಶದ ಸಂಜೆ ‘ಜನ ತಿರುಗಿಬಿದ್ದರು’ ಎಂದು ಟಿವಿಯಲ್ಲಿ ಕೂಗುವವರು ಈ ಅಂಕಿಗಳನ್ನು ಒಮ್ಮೆ ನೋಡಿಕೊಂಡರೆ ಅರ್ಧ ಗಲಾಟೆ ತಗ್ಗೀತು.

ಪ್ರಶ್ನೆ: ಏನೇ ಹೇಳಿದರೂ ಕೊನೆಗೆ ಜನ ಹಾಕುವುದು ಜಾತಿಗೇ ಅಲ್ಲವೇ? ‘ವೋಟ್ ಬ್ಯಾಂಕ್’ ಎಂಬ ಮಾತು ಹುಟ್ಟಿದ್ದೇ ಅದರಿಂದ ಎಂದು ನಮ್ಮ ಉಪನ್ಯಾಸಕರು ಹೇಳುತ್ತಾರೆ.
– ಸ್ನಾತಕೋತ್ತರ ವಿದ್ಯಾರ್ಥಿ, ಧಾರವಾಡ

ಉತ್ತರ: ಆ ಮಾತು ಹುಟ್ಟಿದ್ದು ನಮ್ಮ ಮೈಸೂರು ಸೀಮೆಯ ಒಂದು ಹಳ್ಳಿಯ ಅಧ್ಯಯನದಿಂದ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ರಾಂಪುರ ಎಂಬ ಹೆಸರು ಕೊಟ್ಟು ಬರೆದರು. 1955ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ ಈ ಪದ ಬಳಕೆಗೆ ಬಂತೆನ್ನುತ್ತಾರೆ. ಅಲ್ಲಿ ಅದರ ಅರ್ಥ ಇಂದಿನದಲ್ಲ. ಜಮೀನುದಾರನ ಹಿಂದೆ ಅವನ ಗೇಣಿದಾರರು, ಸಾಲ ಪಡೆದವರು, ಆಳುಗಳು ಇರುತ್ತಾರೆ. ಅವರ ಮತಗಳು ಅವನ ಬೊಕ್ಕಸದಲ್ಲಿದ್ದ ಹಾಗೆ. ಆ ಆಳುಗಳಲ್ಲಿ ಅವನ ಜಾತಿಯವರಲ್ಲದವರೂ ಇರುತ್ತಿದ್ದರು. ಅಂದರೆ ‘ಬ್ಯಾಂಕ್’ ಆಗಿದ್ದದ್ದು ಹಂಗು. ದೇವರಾಜ ಅರಸು ಅವರ ಕಾಲದ 1974ರ ಭೂಸುಧಾರಣೆಯಿಂದ ಗೇಣಿದಾರ ಒಡೆಯನಾದ ಕಡೆಗಳಲ್ಲಿ ಆ ಹಂಗಿನ ಬುಡವೇ ಸಡಿಲಾಯಿತು. 1977ರಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ ಆ ಪಕ್ಷಕ್ಕೆ 26 ಸ್ಥಾನ ಕೊಟ್ಟಿತು. ಇದಕ್ಕೆ ಬೇರೆ ಕಾರಣಗಳೂ ಇದ್ದಾವು. ಆದರೆ ಹೊಸದಾಗಿ ಪಹಣಿಯಲ್ಲಿ ಹೆಸರು ಕಂಡವರ ಋಣಪ್ರಜ್ಞೆಯನ್ನು ಅದರಿಂದ ಕಳೆದು ನೋಡುವುದು ನನಗಂತೂ ಸಾಧ್ಯವಿಲ್ಲ.

ಜಾತಿ ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. 1990ರಲ್ಲಿ ಅನಾರೋಗ್ಯದಲ್ಲಿದ್ದ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿದ ರೀತಿ ಲಿಂಗಾಯತರ ದೊಡ್ಡ ಭಾಗವನ್ನು ಕಾಂಗ್ರೆಸ್ಸಿನಿಂದ ದೂರ ಮಾಡಿತು. ಆದರೆ ಜಾತಿಯ ಲೆಕ್ಕ ಒಂದೇ ಸಾಲುವುದಾದರೆ 2019ರ ಮಂಡ್ಯವನ್ನು ವಿವರಿಸುವುದು ಹೇಗೆ? ಆ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಕ್ಷೇತ್ರಗಳನ್ನು ಹಿಂದಿನ ವರ್ಷ ಗೆದ್ದದ್ದು ಜೆಡಿಎಸ್. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮಗ ನಿಖಿಲ್ ಅಭ್ಯರ್ಥಿ. ಕಾಂಗ್ರೆಸ್ ಮೈತ್ರಿಪಕ್ಷ. ಎದುರಿಗೆ ಪಕ್ಷೇತರರಾಗಿ ನಿಂತ ಸುಮಲತಾ ಹುಟ್ಟಿನಿಂದ ಒಕ್ಕಲಿಗರಲ್ಲ ಎಂಬ ಮಾತನ್ನು ಪ್ರಚಾರದಲ್ಲಿ ಎತ್ತಿದ್ದೂ ಆಯಿತು. ಮಂಡ್ಯದ ಜನ ಆಕೆಯನ್ನು ಅಂಬರೀಶ್ ಅವರ ಹೆಂಡತಿ, ಅಂದರೆ ಊರಿನ ಸೊಸೆ, ಎಂದು ಬಗೆದರು. ಗಂಡ ತೀರಿಕೊಂಡು ಐದಾರು ತಿಂಗಳಷ್ಟೇ ಆಗಿತ್ತು. ಜೊತೆಗೆ ಬಿಜೆಪಿ ಅಭ್ಯರ್ಥಿಯನ್ನು ನಿಲ್ಲಿಸದೆ ಬೆಂಬಲ ಕೊಟ್ಟಿತು. ಊರೂರಿನಲ್ಲಿ ಜೆಡಿಎಸ್‌ನೊಂದಿಗೆ ದಶಕಗಟ್ಟಲೆ ಕಾದಾಡಿದ್ದ ಕಾಂಗ್ರೆಸ್ ಕಾರ್ಯಕರ್ತರಿಗೆ ಮೇಲಿನವರ ಮೈತ್ರಿ ಗಂಟಲಲ್ಲಿ ಇಳಿಯಲಿಲ್ಲ. ಸುಮಲತಾ 1,25,876 ಮತಗಳಿಂದ ಗೆದ್ದರು. ಯಾರು ನಮ್ಮವರು ಎಂಬ ಪ್ರಶ್ನೆಗೆ ಜಾತಿ ಒಂದು ಉತ್ತರ. ಸೊಸೆತನ, ಸಾವು, ಹಳೆಯ ಹಗೆ ಇವೂ ಉತ್ತರಗಳೇ.

ಪ್ರಶ್ನೆ: ‘ಎರಡು ಸಾವಿರಕ್ಕೆ ಹೆಂಗಸರು ಮತ ಮಾರಿಕೊಂಡರು’ ಎಂದು ನಮ್ಮ ಕಡೆ ಗಂಡಸರು ಆಡಿಕೊಳ್ಳುತ್ತಾರೆ. ನಿಜವೇ?
– ಸ್ವಸಹಾಯ ಸಂಘದ ಸದಸ್ಯೆ, ಕೊಪ್ಪಳ ಜಿಲ್ಲೆ

ಉತ್ತರ: ಗೃಹಲಕ್ಷ್ಮಿಯ ಹಣ ಸರ್ಕಾರ ಬಹಿರಂಗವಾಗಿ ಘೋಷಿಸಿ, ಮತ ಹಾಕದವರಿಗೂ ಕೊಡುವ ಹಣ. ಅದನ್ನು ಮತದ ಬೆಲೆ ಎನ್ನುವವರು 2018ರ ರೈತರ ಸಾಲ ಮನ್ನಾವನ್ನೂ ಹಾಗೆಯೇ ಕರೆಯಬೇಕಿತ್ತು. ಪಹಣಿ ಹೆಚ್ಚಾಗಿ ಗಂಡಸರ ಹೆಸರಿನಲ್ಲಿರುವುದರಿಂದಲೋ ಏನೋ, ಆಗ ಆ ಮಾತು ಕೇಳಿಬರಲಿಲ್ಲ. ಮನ್ನಾ ಮಾಡಿದ ಮೈತ್ರಿಕೂಟಕ್ಕೆ 2019ರಲ್ಲಿ ಸಿಕ್ಕಿದ್ದು ಎರಡು ಸ್ಥಾನ. ಹಣ ಕೊಟ್ಟರೆ ಮತ ಬಂದೇ ಬರುತ್ತದೆ ಎಂಬುದಕ್ಕೆ ಸಾಕ್ಷಿ ಅಷ್ಟು ಗಟ್ಟಿಯಾಗಿಲ್ಲ. ಮತದಾನದ ಹಿಂದಿನ ರಾತ್ರಿ ಬಾಗಿಲು ತಟ್ಟಿ ಕೊಡುವ ನೋಟು ಬೇರೆ ವಿಷಯ, ಅದು ಅಪರಾಧ. ಇಬ್ಬರಿಂದಲೂ ಈಸಿಕೊಂಡು ತನಗೆ ಬೇಕಾದವನಿಗೇ ಹಾಕುವವರು ಊರಲ್ಲೆಲ್ಲ ಇದ್ದಾರೆಂಬುದು ಹಂಚುವವರಿಗೂ ಗೊತ್ತು. ಆದರೂ ಹಂಚುತ್ತಾರೆ, ಎದುರಾಳಿ ಕೊಟ್ಟು ತಾವು ಕೊಡದಿದ್ದರೆ ಜಿಪುಣರೆನಿಸಿಕೊಂಡೇವು ಎಂಬ ಭಯಕ್ಕೆ.

ಪ್ರಶ್ನೆ: ಮತದಾನ ಗುಟ್ಟು ಎನ್ನುತ್ತಾರೆ. ಆದರೆ ‘ನಿಮ್ಮ ಕೇರಿಯವರು ನಮಗೆ ಕೈಕೊಟ್ಟಿರಿ’ ಎಂದು ಫಲಿತಾಂಶ ಬಂದ ಮರುದಿನವೇ ನಮ್ಮನ್ನು ಗದರಿಸಿದರು. ಅವರಿಗೆ ಗೊತ್ತಾದದ್ದು ಹೇಗೆ?
– ಹೆಸರು ಬೇಡ, ಯಾದಗಿರಿ

ಉತ್ತರ: ನಾನು ಎರಡು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ದುಡಿದವನಾದ್ದರಿಂದ ಕಂಡದ್ದನ್ನೇ ಹೇಳುತ್ತೇನೆ. ಬೆಂಚಿನ ಮೇಲೆ ಕೂತ ಏಜೆಂಟರ ಕೈಯಲ್ಲಿ ಮತದಾರರ ಪಟ್ಟಿ, ಪೆನ್ಸಿಲ್ಲು. ಹೆಸರು ಕೂಗಿದಂತೆಲ್ಲ ಗೀಟು ಬೀಳುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಗೀಟು ಬೀಳದ ಮನೆಗಳಿಗೆ ಆಳು ಓಡುತ್ತಾನೆ. ಯಾರು ಬಂದರು ಎಂಬುದು ಹೀಗೆ ತಿಳಿಯುತ್ತದೆ. ಯಾರಿಗೆ ಹಾಕಿದರು ಎಂಬುದು ಎಣಿಕೆಯ ದಿನ ಹೊರಬೀಳುತ್ತದೆ. ಮತಪತ್ರಗಳಿದ್ದ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರ ಬಂದ ಮೇಲೆ ಒಂದೊಂದು ಮತಗಟ್ಟೆಯ ಯಂತ್ರವನ್ನು ಒಂದೊಂದು ಮೇಜಿನ ಮೇಲಿಟ್ಟು, ಬೇರೆಬೇರೆಯಾಗಿಯೇ ಎಣಿಸುತ್ತಾರೆ; ಜಾಲರಿಯಾಚೆ ನಿಂತ ಏಜೆಂಟ್ ಅಂಕಿಗಳನ್ನು ಬರೆದುಕೊಳ್ಳುತ್ತಾನೆ, ಆಮೇಲೆ ಮತಗಟ್ಟೆವಾರು ಪಟ್ಟಿ ಅಧಿಕೃತವಾಗಿಯೇ ಪ್ರಕಟವಾಗುತ್ತದೆ. ಒಂದು ಮತಗಟ್ಟೆಯೆಂದರೆ ಸಾವಿರದ ಆಸುಪಾಸು ಮತದಾರರು, ಎಷ್ಟೋ ಸಲ ಒಂದೆರಡು ಕೇರಿ. ನಿಮ್ಮ ಒಬ್ಬರ ಗುಟ್ಟು ಉಳಿಯುತ್ತದೆ, ನಿಮ್ಮ ಕೇರಿಯ ಗುಟ್ಟು ಉಳಿಯುವುದಿಲ್ಲ.

ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಒಂದೇ ಮೊತ್ತ ತೋರಿಸುವ ಸಾಧನವನ್ನು ಬಳಸಬೇಕೆಂದು ಚುನಾವಣಾ ಆಯೋಗ ಹಿಂದೆಯೇ ಸೂಚಿಸಿತ್ತು. ಕಾನೂನು ಆಯೋಗವೂ 2015ರ ವರದಿಯಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬಂದಿಲ್ಲ. ಜನ ಏಕೆ ಹೀಗೆ ಮತ ಹಾಕುತ್ತಾರೆಂದು ಚರ್ಚಿಸುವವರು ಜಾತಿ, ಹಣ, ಅಲೆ ಎಂದೆಲ್ಲ ಹೇಳುತ್ತಾರೆ. ನಾಳೆ ಕೇರಿಗೆ ನೀರು ಬರುವುದು ನಿಂತೀತು, ರಸ್ತೆ ಬರಲಾರದು ಎಂಬ ಅಳುಕು ಅವುಗಳಷ್ಟೇ ದೊಡ್ಡ ಕಾರಣವೆಂದು ನನ್ನ ಅನುಭವ. ಅದನ್ನು ಸಮೀಕ್ಷೆಯವರ ಮುಂದೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗದರಿಸಿದವರ ವಿರುದ್ಧ ದೂರು ಕೊಡುವ ಹಕ್ಕು ನಿಮಗಿದೆ. ಕೊಡುವುದಾದರೆ ನಾಲ್ಕಾರು ಮನೆಯವರು ಸೇರಿ ಕೊಡಿ.

ಪ್ರಶ್ನೆ: ನನ್ನ ಒಂದು ಮತದಿಂದ ಏನಾದೀತು ಎಂದು ಎರಡು ಸಲ ಮನೆಯಲ್ಲೇ ಉಳಿದೆ. ತಪ್ಪೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಬೆಂಗಳೂರಿನಲ್ಲೇ, ಜಯನಗರ ಕ್ಷೇತ್ರದಲ್ಲಿ, 2023ರ ಫಲಿತಾಂಶ ಮರುಎಣಿಕೆಯ ನಂತರ 16 ಮತಗಳಿಂದ ತೀರ್ಮಾನವಾಯಿತು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಚಾಲಕ ಅಂದು ಕೆಲಸದ ಒತ್ತಡದಲ್ಲಿ ಮತ ಹಾಕಲು ಹೋಗಿರಲಿಲ್ಲವೆಂಬ ಸುದ್ದಿ ಆ ಸೋಲಿನಷ್ಟೇ ಪ್ರಸಿದ್ಧವಾಯಿತು. ಸಂತೇಮರಹಳ್ಳಿ ಕ್ಷೇತ್ರ ಮರುವಿಂಗಡಣೆಯಲ್ಲಿ ಈಗ ಇಲ್ಲವಾಗಿದೆ. ಕೃಷ್ಣಮೂರ್ತಿಯವರು 2023ರಲ್ಲಿ ಪಕ್ಕದ ಕೊಳ್ಳೇಗಾಲದಿಂದ, ಅಂದು ತಮ್ಮನ್ನು ಸೋಲಿಸಿದ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿಯೇ ನಿಂತು, ಐವತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು.