ರೋಲರ್ ಸ್ಕೇಟಿಂಗ್ ಬರುತ್ತದೆ, ಹಾಡಿಗೆ ಕುಣಿಯಲು ಬರುತ್ತಿಲ್ಲ. ದುಬಾರಿ ಸ್ಕೇಟ್ ತಗೊಳ್ಳಲಾ?

ಆರು ತಿಂಗಳಾಯಿತು, ನೇರ ಹೋಗುವುದು ಬರುತ್ತದೆ, ಹಾಡು ಶುರುವಾದರೆ ಕಾಲು ಮರಗಟ್ಟುತ್ತದೆ ಅಂದಿದ್ದೀರಿ. ನನ್ನ ಮೊದಲ ವರ್ಷವೂ ಹೀಗೇ ಹೋಯಿತು.

ಮೊದಲ ದಿನವೇ ಬಿದ್ದೆ. ಪಾದದ ಕೆಳಗೆ ಸ್ಕೇಟ್ ಆಚೀಚೆ ವಾಲುತ್ತಿತ್ತು. ಅದರಿಂದಲೇ ಬಿದ್ದೆ ಅಂದುಕೊಂಡು, ಮನೆಗೆ ಬಂದವನೇ ಸ್ಪ್ಯಾನರ್ ಹಿಡಿದು ಎರಡೂ ಸ್ಕೇಟಿನ ಅಡಿಯ ನಾಲ್ಕು ದೊಡ್ಡ ನಟ್‌ಗಳನ್ನು ಕೈ ಸೋಲುವಷ್ಟು ಬಿಗಿ ಮಾಡಿದೆ. ಮರುದಿನ ಸ್ಕೇಟ್ ಅಲುಗಲಿಲ್ಲ. ಧೈರ್ಯ ಬಂತು. ಆ ಧೈರ್ಯಕ್ಕೆ ಒಂದು ಇಡೀ ವರ್ಷ ತೆತ್ತೆ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಬೂಟಿನ ಅಡಿಯಲ್ಲಿ ಮುಂದೊಂದು, ಹಿಂದೊಂದು 'ಟ್ರಕ್' ಅನ್ನುವ ಭಾಗ ಇರುತ್ತದೆ. ಚಕ್ರಗಳು ಅದಕ್ಕೇ ಕೂತಿರುವುದು. ಟ್ರಕ್ಕಿನಲ್ಲಿ ರಬ್ಬರ್ ಕುಷನ್ ಇದೆ, ನಾನು ಬಿಗಿದ ಆ ದೊಡ್ಡ ನಟ್ ಅದನ್ನೇ ಹಿಡಿದಿರುತ್ತದೆ. ನೀವು ಎಡಕ್ಕೆ ವಾಲಿದರೆ ಆ ರಬ್ಬರ್ ಎಡಕ್ಕೆ ಅಮುಕಿಕೊಳ್ಳುತ್ತದೆ, ಸ್ಕೇಟ್ ತಾನಾಗಿ ಎಡಕ್ಕೆ ತಿರುಗುತ್ತದೆ. ನಟ್ ಪೂರ್ತಿ ಬಿಗಿದರೆ ರಬ್ಬರಿಗೆ ಅಮುಕಿಕೊಳ್ಳಲು ಜಾಗವೇ ಇಲ್ಲ. ಎಷ್ಟು ವಾಲಿದರೂ ಸ್ಕೇಟ್ ನೇರ ಹೋಗುತ್ತದೆ. ಹಾಗಾಗಿ ನಾನು ಪ್ರತಿ ತಿರುವಿಗೂ ಕಾಲೆತ್ತಿ ಇಡುತ್ತಿದ್ದೆ, ಮಂಡಿ ತಿರುಚುತ್ತಿದ್ದೆ. ಬಲ ಮಂಡಿ ನೋವಾಗಿ ಎರಡು ತಿಂಗಳು ಸ್ಕೇಟ್ ಮುಟ್ಟಲಿಲ್ಲ. ಸ್ಟೆಪ್ ತಪ್ಪಿರಬೇಕು ಅಂತ ಹೊಸ ವಿಡಿಯೋ ನೋಡಿದೆ. ಚಕ್ರ ಸರಿಯಿಲ್ಲ ಅಂತ ಚಕ್ರ ಬದಲಿಸಿದೆ. ನಟ್ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಕೊನೆಗೆ ರಿಂಕಿಗೆ, ಅಂದರೆ ಸ್ಕೇಟಿಂಗ್ ಅಂಗಳಕ್ಕೆ, ಬರುತ್ತಿದ್ದ ಹಿರಿಯರೊಬ್ಬರು ನನ್ನ ಸ್ಕೇಟನ್ನು ಕೈಯಲ್ಲಿ ಹಿಡಿದು ಟ್ರಕ್ ಅಲುಗಿಸಿ ನೋಡಿ, "ಇದನ್ನ ಹಾಕ್ಕೊಂಡು ಯಾರಿಗೂ ಕುಣಿಯೋಕಾಗಲ್ಲಪ್ಪ" ಅಂದರು.

ಈ ನಾಲ್ಕು ಚಕ್ರದ ಸ್ಕೇಟ್ ಬಂದದ್ದೇ ಆ ವಾಲುವಿಕೆಯಿಂದ. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ರಬ್ಬರ್ ಕುಷನ್ ಇಟ್ಟು, ಮೈ ವಾಲಿದ ಕಡೆಗೆ ತಿರುಗುವ ಸ್ಕೇಟಿಗೆ ಪೇಟೆಂಟ್ ಪಡೆದರು. ಅದಕ್ಕೂ ಮೊದಲಿನ ಸ್ಕೇಟ್‌ಗಳಲ್ಲಿ ತಿರುಗುವುದೇ ದೊಡ್ಡ ಸಾಹಸ. ಮುಂದೆ ಇದನ್ನು ನಿಜವಾದ ಕುಣಿತ ಮಾಡಿದವರಲ್ಲಿ ಅಮೆರಿಕದ ಕಪ್ಪು ಜನರದ್ದೇ ದೊಡ್ಡ ಪಾಲು. ಎಷ್ಟೋ ರಿಂಕ್‌ಗಳು ಅವರನ್ನು ಒಳಗೇ ಬಿಡುತ್ತಿರಲಿಲ್ಲ, ಬಿಟ್ಟರೂ ವಾರಕ್ಕೊಂದು ರಾತ್ರಿ. ಆ ರಾತ್ರಿಗಳಲ್ಲೇ ಅವರು ಊರಿಗೊಂದು ಶೈಲಿ ಕಟ್ಟಿದರು. ಶಿಕಾಗೋದವರ ಶೈಲಿಗೆ 'ಜೆಬಿ' ಅಂತ ಹೆಸರು, ಗಾಯಕ ಜೇಮ್ಸ್ ಬ್ರೌನ್ ಹಾಡುಗಳಿಂದ ಬಂದದ್ದು. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಎಂಪೈರ್ ರಿಂಕ್ 2007ರಲ್ಲಿ ಮುಚ್ಚಿತು, ನನಗೆ ಈಗಲೂ ಅದು ನೋವಿನ ಸಂಗತಿ. ಅಲ್ಲಿ ಕುಣಿದು ಹೆಸರಾದ ಬಿಲ್ ಬಟ್ಲರ್ ಅವರ ವಿಡಿಯೋ ಸಿಕ್ಕರೆ ನೋಡಿ. ಪಾದ ನೋಡಬೇಡಿ, ಮಂಡಿ ನೋಡಿ. ತಾಳ ಇರುವುದು ಅಲ್ಲಿ.

ಹಾಗಾಗಿ ಹೊಸ ಸ್ಕೇಟ್ ಬೇಡ. ದುಡ್ಡು ಸುಮ್ನೆ ಹೋಗುತ್ತದೆ, ಅದರ ನಟ್ಟನ್ನೂ ನೀವು ಬಿಗಿ ಮಾಡಿಯೇ ಮಾಡುತ್ತೀರಿ. ಇರುವುದನ್ನೇ ಕಾಲು ಸುತ್ತು ಸಡಿಲ ಮಾಡಿ, ನಾಲ್ಕೂ ಕಡೆ ಒಂದೇ ಸಮ. ಒಂದು ವಾರ ಬಿಟ್ಟು ಇನ್ನೊಂದು ಕಾಲು ಸುತ್ತು. ಒಮ್ಮೆಲೇ ಜಾಸ್ತಿ ಬೇಡ, ನಟ್ ಕಳಚಿದರೆ ಅಪಾಯ. ಬೂಟಿನ ಮುಂತುದಿಯ ಸ್ಟಾಪರ್, ಅಂದರೆ ಬ್ರೇಕ್, ತೆಗೆದು ಚಿಕ್ಕ ಪ್ಲಗ್ ಹಾಕುವುದನ್ನು, ಅದಿಲ್ಲದೆ ನಿಲ್ಲಲು ಕಲಿತ ಮೇಲೆ ಯೋಚಿಸಿ.

ಸ್ಟೆಪ್‌ಗಳನ್ನೂ ಸದ್ಯಕ್ಕೆ ಬಿಡಿ. ನಿಧಾನದ ಹಾಡು ಹಾಕಿ, ಮಂಡಿ ಬಗ್ಗಿಸಿ, ಎರಡೂ ಕಾಲು ನೆಲದಲ್ಲೇ ಇಟ್ಟು ತಾಳಕ್ಕೆ ತಕ್ಕಂತೆ ಎಡಕ್ಕೆ, ಬಲಕ್ಕೆ ಭಾರ ಹಾಕುತ್ತಾ ಸಾಗಿ. ಮೊದಲ ಕೆಲವು ದಿನ ನಡುಕ ಇರುತ್ತದೆ. ಆಗ ಸ್ಪ್ಯಾನರ್ ಕಡೆ ಕೈ ಹೋಗುತ್ತದೆ, ದಯವಿಟ್ಟು ಮತ್ತೆ ಬಿಗಿ ಮಾಡಬೇಡಿ.